ವಿಳಾಸ ಸ್ಯಾನ್ ಹೊಸೆ, ಶಾಲೆ ಕುಪರ್ಟಿನೋ, ದುಡ್ಡು ಎಲ್ಲಿಯದು?

ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಮನೆ ಕೊಳ್ಳಲು ಹೊರಟ ಕನ್ನಡದವರು ಮುಂಬಾಗಿಲು ಯಾವ ದಿಕ್ಕಿಗಿದೆ ಅಂತ ಕೇಳುವ ಮೊದಲೇ ಶಾಲೆ ಯಾವುದು ಅಂತ ಕೇಳುತ್ತಾರೆ. ವಿಳಾಸ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಲಿನ್‌ಬ್ರೂಕ್ ಹೈಸ್ಕೂಲ್ ಇರುವುದು ಸ್ಯಾನ್ ಹೊಸೆ ನಗರದೊಳಗೆ. ಅದನ್ನು ನಡೆಸುವುದು ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್. ಡಿಸ್ಟ್ರಿಕ್ಟ್ ಅಂದರೆ ಇಲ್ಲಿ ಜಿಲ್ಲೆಯಲ್ಲ, ಒಂದು ಗಡಿಯೊಳಗಿನ ಶಾಲೆಗಳನ್ನು ನಡೆಸುವ ಆಡಳಿತ. ಹೆಸರು ಕೇಳಿ ಮೋಸಹೋಗಬೇಡಿ, ಫ್ರೀಮಾಂಟ್ ಎಂಬ ಊರು ಪಕ್ಕದ ಅಲಮೇಡಾ ಕೌಂಟಿಯಲ್ಲಿದೆ, ಈ ಡಿಸ್ಟ್ರಿಕ್ಟಿಗೂ ಅದಕ್ಕೂ ಸಂಬಂಧವಿಲ್ಲ. ಅದೇ ಓಣಿಯ ಮಕ್ಕಳಲ್ಲಿ ಹೆಚ್ಚಿನವರು ಎಂಟನೇ ಕ್ಲಾಸಿನವರೆಗೆ ಓದುವುದು ಕುಪರ್ಟಿನೋ ಯೂನಿಯನ್ ಎಂಬ ಇನ್ನೊಂದು ಡಿಸ್ಟ್ರಿಕ್ಟಿನಲ್ಲಿ. ಒಂದೇ ಮನೆ, ಎರಡು ಶಾಲಾ ಮಂಡಳಿ, ಎರಡು ಬಜೆಟ್ಟು.

ಈ ಒಂದು ಕೌಂಟಿಯಲ್ಲಿ ಇಂಥ 31 ಡಿಸ್ಟ್ರಿಕ್ಟುಗಳಿವೆ. ಕಾರಣ ಹಳೆಯದು. ಜರ್ದಾಳು, ಪ್ರೂನ್ ಹಣ್ಣಿನ ತೋಟಗಳ ಕಾಲದಲ್ಲಿ ಹಳ್ಳಿಗೊಂದು ಶಾಲೆ, ಶಾಲೆಗೊಂದು ಡಿಸ್ಟ್ರಿಕ್ಟ್ ಇತ್ತು. ನಾಲ್ಕು ಹಳ್ಳಿ ಕೂಡಿಕೊಂಡರೆ ಅದಕ್ಕೆ ‘ಯೂನಿಯನ್’ ಎಂಬ ಹೆಸರು. 1950 ಮತ್ತು 60ರ ದಶಕದಲ್ಲಿ ಸ್ಯಾನ್ ಹೊಸೆ ನಗರ ಸುತ್ತಲಿನ ಜಮೀನನ್ನೆಲ್ಲ ಸೇರಿಸಿಕೊಳ್ಳುತ್ತಾ ಹಿಗ್ಗಿತು. ಶಾಲಾ ಗಡಿ ಮಾತ್ರ ಅದರ ಜೊತೆ ಹಿಗ್ಗಲಿಲ್ಲ. ತೋಟ ಹೋಯಿತು, ಬೇಲಿ ಉಳಿಯಿತು. ಇವತ್ತು ಸ್ಯಾನ್ ಹೊಸೆಯ ಪಶ್ಚಿಮದ ಮಗು ಕುಪರ್ಟಿನೋ ಯೂನಿಯನ್ನಿಗೆ ಹೋದರೆ, ಪೂರ್ವದ ಮಗು ಆಲಂ ರಾಕ್ ಯೂನಿಯನ್ನಿಗೆ, ಅಲ್ಲಿಂದ ಈಸ್ಟ್ ಸೈಡ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟಿಗೆ ಹೋಗುತ್ತದೆ. ಇಬ್ಬರಿಗೂ ಮೇಯರ್ ಒಬ್ಬರೇ.

ಆದರೆ ಗೆರೆ ಹಳೆಯದು ಅನ್ನುವುದರಿಂದ ಅದು ಇಷ್ಟು ಗಟ್ಟಿಯಾಗಿ ಏಕೆ ನಿಂತಿದೆ ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ. ಅದಕ್ಕೆ ಆಸ್ತಿ ತೆರಿಗೆಯ ಬಿಲ್ಲನ್ನೇ ಬಿಚ್ಚಬೇಕು.

ಕೌಂಟಿಯ ಬಿಲ್ಲು ಅಕ್ಟೋಬರಿನ ಹೊತ್ತಿಗೆ ಬರುತ್ತದೆ. ಮೊದಲ ಕಂತಿಗೆ ಡಿಸೆಂಬರ್ 10, ಎರಡನೆಯದಕ್ಕೆ ಏಪ್ರಿಲ್ 10 ಕೊನೆ. ಅದರಲ್ಲಿ ಮೂರು ಬಗೆಯ ಸಾಲುಗಳಿರುತ್ತವೆ. ಮೊದಲನೆಯದು ಮನೆಯ ತೆರಿಗೆ ಮೌಲ್ಯದ ಮೇಲೆ 1%. ಇದು 1978ರ ಜೂನಿನಲ್ಲಿ ಮತದಾರರು ಒಪ್ಪಿದ ಪ್ರಪೊಸಿಷನ್ 13ರ ಮಿತಿ. ಎರಡನೆಯದು ಮತ ಹಾಕಿ ಒಪ್ಪಿದ ಬಾಂಡುಗಳ ಸಾಲ ತೀರಿಸಲು ಅದೇ ಮೌಲ್ಯದ ಮೇಲೆ ಬೀಳುವ ಸಣ್ಣ ಸಣ್ಣ ದರಗಳು. ಮೂರನೆಯದು ಮೌಲ್ಯಕ್ಕೆ ಸಂಬಂಧವಿಲ್ಲದ ನಿಗದಿ ಮೊತ್ತಗಳು, ಪಾರ್ಸೆಲ್ ಟ್ಯಾಕ್ಸ್ ಇಲ್ಲಿ ಬರುತ್ತದೆ. ಬಿಲ್ಲಿನ ಮೇಲೆ ‘ಟ್ಯಾಕ್ಸ್ ರೇಟ್ ಏರಿಯಾ’ ಎಂಬ ಒಂದು ಸಂಖ್ಯೆಯೂ ಇರುತ್ತದೆ. ನಿಮ್ಮ ಮನೆ ಯಾವ ಯಾವ ಡಿಸ್ಟ್ರಿಕ್ಟುಗಳ ಒಳಗಿದೆ ಅನ್ನುವುದು ಆ ಸಂಖ್ಯೆಯಲ್ಲಿ ಅಡಗಿದೆ. ಮನೆ ಮಾರುವ ಏಜೆಂಟರ ಕರಪತ್ರಕ್ಕಿಂತ ಬಿಲ್ಲಿನಲ್ಲಿ ಅಚ್ಚಾದ ಡಿಸ್ಟ್ರಿಕ್ಟ್ ಹೆಸರುಗಳನ್ನು ನಂಬುವುದು ಲೇಸು.

ಪ್ರಪೊಸಿಷನ್ 13ರ ಇನ್ನೊಂದು ಷರತ್ತು ಅಕ್ಕಪಕ್ಕದ ಮನೆಗಳ ನಡುವೆಯೇ ಕಂದಕ ತೋಡಿದೆ. ತೆರಿಗೆ ಮೌಲ್ಯ ಅಂದರೆ ಕೊಂಡ ಬೆಲೆ, ಆಮೇಲೆ ಅದು ವರ್ಷಕ್ಕೆ 2%ಗಿಂತ ಹೆಚ್ಚು ಏರುವಂತಿಲ್ಲ. 1985ರಲ್ಲಿ 2 ಲಕ್ಷ ಡಾಲರಿಗೆ ಕೊಂಡ ಮನೆ ಪ್ರತಿ ವರ್ಷ ಪೂರ್ತಿ 2% ಏರಿದ್ದರೂ 40 ವರ್ಷದಲ್ಲಿ ಸುಮಾರು 4.4 ಲಕ್ಷಕ್ಕೆ ಬಂದಿರುತ್ತದೆ. ತೆರಿಗೆ 4,400 ಡಾಲರ್. ಪಕ್ಕದಲ್ಲೇ, ಅದೇ ನಕ್ಷೆಯ ಮನೆಯನ್ನು ಈಚೆಗೆ 25 ಲಕ್ಷಕ್ಕೆ ಕೊಂಡವರಿಗೆ 25,000 ಡಾಲರ್. ಹೊಸದಾಗಿ ಬಂದ ನಮ್ಮವರು ಹೆಚ್ಚಾಗಿ ಎರಡನೆಯ ಸಾಲಿನಲ್ಲಿ ನಿಂತವರು. ಆದ್ದರಿಂದಲೇ ‘ಇಷ್ಟು ತೆರಿಗೆ ಕಟ್ಟುತ್ತೇವೆ, ಅದಕ್ಕೇ ನಮ್ಮ ಶಾಲೆ ಚೆನ್ನಾಗಿದೆ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಕ್ಯಾಲಿಫೋರ್ನಿಯಾದ ಹೆಚ್ಚಿನ ಡಿಸ್ಟ್ರಿಕ್ಟುಗಳ ಮಟ್ಟಿಗೆ ಈ ಮಾತು ತಪ್ಪು. ಕೆಲವೇ ಕೆಲವಕ್ಕೆ ಮಾತ್ರ ಸರಿ, ಎಡವಟ್ಟು ಇರುವುದೂ ಅಲ್ಲೇ.

ಲೆಕ್ಕ ಹೀಗೆ. 2013ರಲ್ಲಿ ಗವರ್ನರ್ ಜೆರಿ ಬ್ರೌನ್ ಕಾಲದಲ್ಲಿ ಲೋಕಲ್ ಕಂಟ್ರೋಲ್ ಫಂಡಿಂಗ್ ಫಾರ್ಮುಲಾ ಬಂತು, ಎಲ್‌ಸಿಎಫ್‌ಎಫ್ ಅಂತಾರೆ. ಪ್ರತಿ ಮಗುವಿಗೆ ತರಗತಿ ಮಟ್ಟದ ಪ್ರಕಾರ ಒಂದು ಮೂಲ ಮೊತ್ತ ಇರುತ್ತದೆ. 4ರಿಂದ 6ನೇ ತರಗತಿಗೆ ಅದು 2023-24ರಲ್ಲಿ 10,000 ಡಾಲರಿನ ಆಸುಪಾಸಿನಲ್ಲಿತ್ತು, ಹಾಗಾಗಿ ಸುಲಭಕ್ಕೆ 10,000 ಅಂತಲೇ ಹಿಡಿಯೋಣ. ಬಡ ಕುಟುಂಬದ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ಸರ್ಕಾರದ ಪೋಷಣೆಯಲ್ಲಿರುವವರು, ಈ ಮೂವರ ಲೆಕ್ಕಕ್ಕೆ ಮೂಲ ಮೊತ್ತದ 20% ಹೆಚ್ಚು. ಒಂದೇ ಮಗು ಮೂರರಲ್ಲೂ ಬಂದರೂ ಒಂದೇ ಸಲ ಎಣಿಕೆ. ಡಿಸ್ಟ್ರಿಕ್ಟಿನಲ್ಲಿ ಇಂಥವರು 55% ದಾಟಿದರೆ, ದಾಟಿದ ಪಾಲಿಗೆ ಮತ್ತೆ 65%. ಮೊದಲು ಇದು 50% ಇತ್ತು, 2021ರಲ್ಲಿ ಏರಿಸಿದರು.

ಈಗ 80% ಅಂಥ ಮಕ್ಕಳಿರುವ ಒಂದು ಡಿಸ್ಟ್ರಿಕ್ಟ್ ಊಹಿಸಿಕೊಳ್ಳಿ. ಮೂಲ 10,000. ಅದರ 20%ನ 80% ಅಂದರೆ 1,600. 55ರ ಮೇಲಿನ 25%ಗೆ 65% ಅಂದರೆ 1,625. ಒಟ್ಟು ಸರಾಸರಿ ಮಗುವಿಗೆ 13,225. ಅಂಥವರು 10% ಮಾತ್ರ ಇರುವ ಡಿಸ್ಟ್ರಿಕ್ಟಿಗೆ 10,200. ಇಲ್ಲಿಯವರೆಗೆ ನ್ಯಾಯವಾಗಿಯೇ ಇದೆ, ಹೆಚ್ಚು ಕಷ್ಟದಲ್ಲಿರುವವರಿಗೆ ಹೆಚ್ಚು.

ಈ ಮೊತ್ತ ಬರುವುದು ಎಲ್ಲಿಂದ ಅಂದರೆ, ಮೊದಲು ಸ್ಥಳೀಯ ಆಸ್ತಿ ತೆರಿಗೆಯ ಶಾಲಾ ಪಾಲು ಎಣಿಸುತ್ತಾರೆ, ಕಡಿಮೆ ಬಿದ್ದದ್ದನ್ನು ರಾಜ್ಯ ತುಂಬುತ್ತದೆ. ಹಾಗಾಗಿ ನಿಮ್ಮ ಓಣಿಯಲ್ಲಿ ಹತ್ತು ಮನೆ ಭಾರಿ ಬೆಲೆಗೆ ಮಾರಾಟವಾಗಿ ತೆರಿಗೆ ಏರಿದರೆ ಶಾಲೆಗೆ ಒಂದು ಡಾಲರೂ ಹೆಚ್ಚಾಗುವುದಿಲ್ಲ, ರಾಜ್ಯ ತುಂಬುವುದು ಅಷ್ಟು ಕಡಿಮೆಯಾಗುತ್ತದೆ, ಅಷ್ಟೆ. ಇದು ರಾಜ್ಯದ ಹಣ ಪಡೆಯುವ ಡಿಸ್ಟ್ರಿಕ್ಟುಗಳ ಪಾಡು.

ಆದರೆ ಕೆಲವು ಕಡೆ ಸ್ಥಳೀಯ ತೆರಿಗೆಯೇ ಸೂತ್ರದ ಮೊತ್ತವನ್ನು ಮೀರಿಬಿಡುತ್ತದೆ. ಮೀರಿದ್ದನ್ನು ರಾಜ್ಯ ಕಿತ್ತುಕೊಳ್ಳುವುದಿಲ್ಲ, ಅವರೇ ಇಟ್ಟುಕೊಳ್ಳಬಹುದು. ಇವಕ್ಕೆ ಹಳೆಯ ಹೆಸರು ‘ಬೇಸಿಕ್ ಏಡ್’. ರಾಜ್ಯ ಸಂವಿಧಾನದ ಪ್ರಕಾರ ಮಗುವಿಗೆ 120 ಡಾಲರ್ ಎಂಬ ಕನಿಷ್ಠ ನೆರವು ಮಾತ್ರ ಇವಕ್ಕೆ ಸಲ್ಲುತ್ತಿತ್ತು, ಅದಕ್ಕೆ ಆ ಹೆಸರು. ಹೆಸರು ಕೇಳಿದರೆ ಪಾಪ ಬಡವರು ಅನ್ನಿಸಬೇಕು. ಈಗೀಗ ‘ಕಮ್ಯುನಿಟಿ ಫಂಡೆಡ್’ ಅಂತಾರೆ, ಅದು ಕೇಳಿದರೆ ಊರವರು ಚಂದಾ ಎತ್ತಿ ನಡೆಸಿದ ಹಾಗೆ. ಎರಡೂ ಅಲ್ಲ. ಪಾಲೋ ಆಲ್ಟೋ, ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್, ಮೌಂಟನ್ ವ್ಯೂ ವಿಸ್ಮನ್, ಸ್ಯಾಂಟಾ ಕ್ಲಾರಾ ಯುನಿಫೈಡ್ (ಅಂದರೆ ಪ್ರಾಥಮಿಕ, ಹೈಸ್ಕೂಲ್ ಎರಡೂ ಒಂದೇ ಡಿಸ್ಟ್ರಿಕ್ಟಿನಲ್ಲಿ) ಇವೆಲ್ಲ ಈ ಸಾಲಿನವು. ದೊಡ್ಡ ಕಂಪನಿಗಳ ಕ್ಯಾಂಪಸ್ಸುಗಳು ಯಾವ ಗೆರೆಯೊಳಗೆ ಬಿದ್ದಿವೆಯೋ ಆ ಗೆರೆಯೊಳಗಿನ ಶಾಲೆಗೆ ಅವುಗಳ ತೆರಿಗೆ. ಆ ಕ್ಯಾಂಪಸ್ಸಿನ ಕಸ ಗುಡಿಸುವ, ಊಟ ಬಡಿಸುವ ಕೆಲಸಗಾರರ ಮನೆ ಕೌಂಟಿಯ ಪೂರ್ವದಲ್ಲಿದ್ದರೆ ಅವರ ಮಕ್ಕಳ ಶಾಲೆಗೆ ಅದರಲ್ಲಿ ಪಾಲಿಲ್ಲ.

ತೆರಿಗೆಯ 1%ರಲ್ಲಿ ಶಾಲೆಗೆ ಎಷ್ಟು ಪಾಲು ಅನ್ನುವುದೂ ಇವತ್ತಿನ ಅಗತ್ಯ ನೋಡಿ ಕಟ್ಟಿದ್ದಲ್ಲ. ಪ್ರಪೊಸಿಷನ್ 13ರ ಮೊದಲು ನಗರ, ಕೌಂಟಿ, ಶಾಲೆ ಯಾರು ಎಷ್ಟು ಎತ್ತುತ್ತಿದ್ದರೋ ಆ ಪ್ರಮಾಣವನ್ನೇ 1979ರ ಒಂದು ಕಾಯ್ದೆ ಹಿಡಿದು ನಿಲ್ಲಿಸಿತು. 70ರ ದಶಕದ ಅಳತೆಗೆ ಹೊಲಿದ ಅಂಗಿ ಇವತ್ತಿಗೂ ಮೈಮೇಲಿದೆ.

ಸಿಟ್ಟು ಬರುವ ಸಂಗತಿ ಏನೆಂದರೆ, ಇದೇ ರಾಜ್ಯದ ಸುಪ್ರೀಂ ಕೋರ್ಟು 1971ರ ಸೆರಾನೋ ವಿರುದ್ಧ ಪ್ರೀಸ್ಟ್ ಪ್ರಕರಣದಲ್ಲಿ, ಮಗುವಿನ ಓದು ನೆರೆಹೊರೆಯ ಆಸ್ತಿ ಬೆಲೆಯ ಮೇಲೆ ನಿಲ್ಲಬಾರದು ಎಂಬ ತತ್ವ ಎತ್ತಿಹಿಡಿದಿತ್ತು. ಆ ಪ್ರಕರಣದ ಅಂಕಿ ನೋಡಿ. 1968-69ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಬಾಲ್ಡ್‌ವಿನ್ ಪಾರ್ಕ್ ಮಗುವಿಗೆ 577 ಡಾಲರ್ ಖರ್ಚು ಮಾಡುತ್ತಿತ್ತು, ಬೆವರ್ಲಿ ಹಿಲ್ಸ್ 1,232. ತೆರಿಗೆ ದರ ಮಾತ್ರ ತಿರುಗಾಮುರುಗಾ. ಬಾಲ್ಡ್‌ವಿನ್ ಪಾರ್ಕಿನವರು ಮೌಲ್ಯದ ಪ್ರತಿ 100 ಡಾಲರಿಗೆ 5.48 ಕಟ್ಟುತ್ತಿದ್ದರು, ಬೆವರ್ಲಿ ಹಿಲ್ಸಿನವರು 2.38. ಹೆಚ್ಚು ಕಟ್ಟಿದವರಿಗೆ ಕಡಿಮೆ. ಆ ತೀರ್ಪಿನ ಮೇಲೆಯೇ ಮುಂದಿನ ಸೂತ್ರಗಳೆಲ್ಲ ಬೆಳೆದವು. ಬೇಸಿಕ್ ಏಡ್ ಎಂಬ ಕಿಂಡಿ ಮಾತ್ರ ಮುಚ್ಚಲೇ ಇಲ್ಲ.

ಮಕ್ಕಳ ಸಂಖ್ಯೆ ಕುಸಿದಾಗ ಈ ಕಿಂಡಿ ಹೇಗೆ ವರ್ತಿಸುತ್ತದೆ ನೋಡಿ. ಒಂದು ಡಿಸ್ಟ್ರಿಕ್ಟಿನಲ್ಲಿ 15,000 ಮಕ್ಕಳು, ತಲೆಗೆ 10,200 ಅಂದರೆ ಸೂತ್ರದ ಮೊತ್ತ 15.3 ಕೋಟಿ ಡಾಲರ್. ಸ್ಥಳೀಯ ತೆರಿಗೆ 14 ಕೋಟಿ, ರಾಜ್ಯ ತುಂಬಿದ್ದು 1.3 ಕೋಟಿ. ಮನೆ ಬೆಲೆ ತಾಳಲಾರದೆ ಎಳೆ ಮಕ್ಕಳಿರುವ ಕುಟುಂಬಗಳು ಬೇರೆಡೆ ಹೋಗಿ, ಮಕ್ಕಳು 13,000ಕ್ಕೆ ಇಳಿದರು. ಸೂತ್ರದ ಮೊತ್ತ 13.26 ಕೋಟಿ, ತೆರಿಗೆ ಅಷ್ಟರಲ್ಲಿ 14.5 ಕೋಟಿಗೆ ಏರಿದೆ. ಡಿಸ್ಟ್ರಿಕ್ಟ್ ಈಗ ಬೇಸಿಕ್ ಏಡ್! ಯಾರೂ ಏನೂ ಮಾಡಲಿಲ್ಲ, ಮಕ್ಕಳು ಹೋದರು, ಅಷ್ಟೆ. ಆದರೆ ಆ ಹಂತ ಮುಟ್ಟುವ ಮೊದಲಿನ ವರ್ಷಗಳು ಪ್ರಾಣ ಹಿಂಡುತ್ತವೆ. ಪ್ರತಿ ಮಗು ಹೋದಾಗಲೂ 10,000 ಹೋಗುತ್ತದೆ, ಮೇಷ್ಟರ ಸಂಬಳ, ಕಟ್ಟಡದ ವಿದ್ಯುತ್ತು ಇಳಿಯುವುದಿಲ್ಲ. ಕುಪರ್ಟಿನೋ ಯೂನಿಯನ್ ಹೆಸರಿಗೆ ಶ್ರೀಮಂತರ ಊರಿನದಾದರೂ ಬಹುಕಾಲ ರಾಜ್ಯದ ಹಣದ ಮೇಲೆ ನಿಂತಿತ್ತು. ಬಡ ಮಕ್ಕಳ ಪ್ರಮಾಣ ಕಡಿಮೆ, ಹಾಗಾಗಿ ಹೆಚ್ಚುವರಿಯೂ ಕಡಿಮೆ. 2021ರ ಅಕ್ಟೋಬರಿನಲ್ಲಿ ಅದರ ಮಂಡಳಿ ರೆಗ್ನಾರ್ಟ್, ಮೇಯರ್‌ಹೋಲ್ಜ್ ಎಂಬ ಎರಡು ಶಾಲೆ ಮುಚ್ಚಲು ಮತ ಹಾಕಿತು. ಅದೇ ಮನೆಗಳಿಂದ ತೆರಿಗೆ ಪಡೆಯುವ ಹೈಸ್ಕೂಲ್ ಡಿಸ್ಟ್ರಿಕ್ಟ್ ಮಾತ್ರ ಆಗಲೇ ಬೇಸಿಕ್ ಏಡ್ ಆಗಿತ್ತು. ಒಂದೇ ಬಿಲ್ಲು, ಎರಡು ಹಣೆಬರಹ. ಕೌಂಟಿಯ ಪೂರ್ವದಲ್ಲಿ ಆಲಂ ರಾಕ್ ಮಂಡಳಿ 2024ರ ಡಿಸೆಂಬರಿನಲ್ಲಿ ಹಲವು ಶಾಲೆಗಳನ್ನು ಮುಚ್ಚಿ ಒಂದಕ್ಕೊಂದು ಸೇರಿಸಲು ನಿರ್ಧರಿಸಿತು. ಅದಕ್ಕೆ ಬೇಸಿಕ್ ಏಡ್ ಎಂಬ ದಡ ಕಣ್ಣಳತೆಯಲ್ಲೂ ಇರಲಿಲ್ಲ.

ಈಗ ಗಡಿಯ ವಿಷಯಕ್ಕೆ ಬರಬಹುದು. ರಾಜ್ಯದ ಹಣ ಪಡೆಯುವ ಡಿಸ್ಟ್ರಿಕ್ಟಿಗೆ ಹೊರಗಿನ ಮಗು ಬಂದರೆ 10,000 ಜೊತೆಗೇ ಬರುತ್ತದೆ, ಬಾಗಿಲು ತೆರೆದಿಡಲು ಕಾರಣ ಇದೆ. ಬೇಸಿಕ್ ಏಡ್ ಡಿಸ್ಟ್ರಿಕ್ಟಿಗೆ ಹೊಸ ಮಗುವಿನಿಂದ ಬರುವುದು ಏನೂ ಇಲ್ಲದಷ್ಟು ಕಡಿಮೆ, ಇರುವ ಹಂಡೆಯಲ್ಲೇ ಇನ್ನೊಂದು ತಟ್ಟೆಗೆ ಬಡಿಸಬೇಕು. ಪಿಜಿ ಅಂಡ್ ಇ ಕರೆಂಟು ಬಿಲ್ಲು ತನ್ನಿ, ಬಾಡಿಗೆ ಕರಾರು ತನ್ನಿ, ಅನುಮಾನ ಬಂದರೆ ಮನೆಗೇ ಬಂದು ನೋಡುತ್ತೇವೆ ಎಂಬ ಬಿಗಿ ಅಲ್ಲೇ ಹೆಚ್ಚು ಕಾಣುವುದು ಇದಕ್ಕೇ. ಗುಮಾಸ್ತರ ಸ್ವಭಾವ ಕೆಟ್ಟದ್ದೆಂದು ಬೈದು ಪ್ರಯೋಜನವಿಲ್ಲ, ಸೂತ್ರವೇ ಅವರನ್ನು ಕಾವಲಿಗೆ ನಿಲ್ಲಿಸಿದೆ.

ಕಾನೂನು ಬಿಟ್ಟ ಕೆಲವು ದಾರಿಗಳಿವೆ. ಅಂತರ್-ಡಿಸ್ಟ್ರಿಕ್ಟ್ ವರ್ಗಾವಣೆಗೆ ಬಿಡುವವರು, ಸೇರಿಸಿಕೊಳ್ಳುವವರು ಇಬ್ಬರೂ ಒಪ್ಪಬೇಕು. ಬಡಪಾಯಿ ಡಿಸ್ಟ್ರಿಕ್ಟ್ ಮಗುವಿನ ಜೊತೆ ಹಣ ಹೋಗುತ್ತದೆ ಅಂತ ಬಿಡುವುದಿಲ್ಲ, ಬೇಸಿಕ್ ಏಡ್ ಡಿಸ್ಟ್ರಿಕ್ಟ್ ಹಣ ಬರುವುದಿಲ್ಲ ಅಂತ ಸೇರಿಸುವುದಿಲ್ಲ. ತಿರಸ್ಕಾರವಾದರೆ 30 ದಿನದೊಳಗೆ ಕೌಂಟಿ ಶಿಕ್ಷಣ ಮಂಡಳಿಗೆ ಮೇಲ್ಮನವಿ ಹಾಕಬೇಕು. ಇಲ್ಲಿ ಎಡವುವುದು ದಿನದ ಲೆಕ್ಕದಲ್ಲೇ: ಇವು ಕ್ಯಾಲೆಂಡರ್ ದಿನಗಳು, ಶನಿವಾರ ಭಾನುವಾರವೂ ಸೇರಿ. ಇನ್ನೊಂದು ದಾರಿ ಅಪ್ಪ ಅಥವಾ ಅಮ್ಮ ಆ ಡಿಸ್ಟ್ರಿಕ್ಟಿನ ಗಡಿಯೊಳಗೆ ವಾರಕ್ಕೆ ಕನಿಷ್ಠ 10 ಗಂಟೆ ಸ್ವತಃ ಹೋಗಿ ಕೆಲಸ ಮಾಡುತ್ತಿದ್ದರೆ ಅದರ ಆಧಾರದ ಮೇಲೆ ಕೇಳುವುದು, ಆಲೆನ್ ಬಿಲ್ ಅಂತ ಕರೆಯುತ್ತಾರೆ. ಆಫೀಸಿನ ವಿಳಾಸ ಗಡಿಯೊಳಗಿದ್ದು ಕೆಲಸವೆಲ್ಲ ಮನೆಯಿಂದ ಅಂದರೆ ನಡೆಯುವುದಿಲ್ಲ. ಡಿಸ್ಟ್ರಿಕ್ಟ್ ಇದನ್ನು ಒಪ್ಪಲೇಬೇಕು ಅಂತಲೂ ಇಲ್ಲ.

ಕೋರ್ಟಿನ ಮೂಲಕ ತೆರೆದ ಬಾಗಿಲು ಒಂದಿದೆ. 101ನೇ ಹೆದ್ದಾರಿಯ ಆಚೆ, ಸ್ಯಾನ್ ಮಟಿಯೋ ಕೌಂಟಿಯ ಈಸ್ಟ್ ಪಾಲೋ ಆಲ್ಟೋ ಇರುವ ರೇವನ್ಸ್‌ವುಡ್ ಡಿಸ್ಟ್ರಿಕ್ಟಿನ ಮಕ್ಕಳ ಪರವಾಗಿ ಹೂಡಿದ್ದ ಟಿನ್ಸ್ಲಿ ಮೊಕದ್ದಮೆ 1986ರಲ್ಲಿ ರಾಜಿಯಾಯಿತು. ಅದರಂತೆ ಪಾಲೋ ಆಲ್ಟೋ ಯುನಿಫೈಡ್ ವರ್ಷಕ್ಕೆ 60 ಮಕ್ಕಳನ್ನು ಲಾಟರಿ ಎತ್ತಿ ಸೇರಿಸಿಕೊಳ್ಳುತ್ತದೆ, ಅದೂ ಸಣ್ಣ ತರಗತಿಗಳಲ್ಲೇ. ಹೆದ್ದಾರಿ ದಾಟಲು ಐದು ನಿಮಿಷ.

ಇನ್ನು ನಮ್ಮವರ ಕೈಯಲ್ಲೇ ಇರುವ ಎರಡು ಕಾಗದಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಒಂದು, ಮಗುವನ್ನು ಮೊದಲ ಸಲ ಸೇರಿಸುವಾಗ ಕೊಡುವ ಮನೆಭಾಷೆಯ ಫಾರಂ. ನಾಲ್ಕು ಪ್ರಶ್ನೆ: ಮಗು ಮೊದಲು ಕಲಿತ ಭಾಷೆ, ಮನೆಯಲ್ಲಿ ಮಗು ಹೆಚ್ಚು ಆಡುವ ಭಾಷೆ, ಅಪ್ಪ ಅಮ್ಮ ಮಗುವಿನ ಜೊತೆ ಹೆಚ್ಚು ಆಡುವ ಭಾಷೆ, ಮನೆಯ ದೊಡ್ಡವರು ಹೆಚ್ಚು ಆಡುವ ಭಾಷೆ. ಕನ್ನಡ ಅಂತ ಬರೆದರೆ 30 ದಿನದೊಳಗೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಎಲ್‌ಪ್ಯಾಕ್ ಪರೀಕ್ಷೆ, ಅದರಲ್ಲಿ ಕಡಿಮೆ ಬಿದ್ದರೆ ಮಗು ‘ಇಂಗ್ಲಿಷ್ ಲರ್ನರ್’. ಹೊಸಬರಿಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಿಗುವ ಬುದ್ಧಿಮಾತು ‘ಇಂಗ್ಲಿಷ್ ಅಂತಲೇ ಬರೆದುಬಿಡಿ’. ಸುಳ್ಳು ಬರೆಯುವುದು ಒಂದು ಕಡೆಯಿರಲಿ, ಹೀಗೆ ಬರೆದಾಗ ರಾಜ್ಯದ ಹಣ ಪಡೆಯುವ ಡಿಸ್ಟ್ರಿಕ್ಟಿಗೆ ಆ ಮಗುವಿನ 20% ಹೆಚ್ಚುವರಿ ತಪ್ಪಬಹುದು, ನಿಜಕ್ಕೂ ಬೇಕಿದ್ದ ಪಾಠವೂ ಮಗುವಿಗೆ ತಪ್ಪುತ್ತದೆ. ನನ್ನ ಮಟ್ಟಿಗೆ ಸೂತ್ರದ ಒಂದು ಓರೆ ಇಲ್ಲಿದೆ: ಮನೆಯಲ್ಲಿ ಕನ್ನಡ ಆಡುವ, ಎರಡು ಸಾಫ್ಟ್‌ವೇರ್ ಸಂಬಳದ ಮನೆಯ ಮಗುವಿಗೂ, ಒಂದು ಕೋಣೆಯಲ್ಲಿ ಆರು ಜನ ಬದುಕುವ ಮನೆಯ ಮಗುವಿಗೂ ಸೂತ್ರದಲ್ಲಿ ಒಂದೇ ತೂಕ.

ಎರಡನೆಯದು ಆದಾಯದ ಫಾರಂ. 2022-23ರಿಂದ ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಊಟ ಬಿಟ್ಟಿ. ಬಹಳ ಒಳ್ಳೆಯದಾಯಿತು, ಆದರೆ ಮೊದಲು ಊಟಕ್ಕೋಸ್ಕರ ಆದಾಯದ ಫಾರಂ ತುಂಬುತ್ತಿದ್ದ ಬಡ ಮನೆಗಳು ಈಗ ‘ಊಟ ಹೇಗೂ ಸಿಗುತ್ತದಲ್ಲ’ ಅಂತ ಬಿಟ್ಟುಬಿಡುತ್ತವೆ. ಫಾರಂ ಇಲ್ಲದೆ ಆ ಮಗು ಬಡ ಮಗು ಅಂತ ಎಣಿಕೆಗೆ ಬರದೇ ಹೋಗಬಹುದು. ಪ್ರಮಾಣವನ್ನು ಮೂರು ವರ್ಷದ ಸರಾಸರಿಯಲ್ಲಿ ಹಿಡಿಯುವುದರಿಂದ ಏಟು ಮೆಲ್ಲಗೆ, ಆದರೆ ಮೂರು ವರ್ಷ ಬೀಳುತ್ತದೆ.

ಹಾಜರಾತಿಯ ಲೆಕ್ಕವೂ ನಮಗೆ ಹತ್ತಿರದ್ದೇ. ಕ್ಯಾಲಿಫೋರ್ನಿಯಾ ಹಣ ಕೊಡುವುದು ದಾಖಲಾದ ಮಕ್ಕಳಿಗಲ್ಲ, ಹಾಜರಾದ ಮಕ್ಕಳಿಗೆ. ವರ್ಷಕ್ಕೆ 180 ದಿನ ಶಾಲೆ ಇದ್ದರೂ ಮುಖ್ಯ ಎಣಿಕೆ ‘ಪಿ-2’ ಎಂಬ ಅವಧಿಯದು, ಅದು ಏಪ್ರಿಲ್ 15ರ ಮೊದಲು ಮುಗಿಯುವ ಕೊನೆಯ ಶಾಲಾ ತಿಂಗಳವರೆಗೆ. ಅಷ್ಟರಲ್ಲಿ 140 ದಿನ ಪಾಠ ನಡೆದಿದೆ ಅಂತ ಹಿಡಿಯಿರಿ. ಡಿಸೆಂಬರಿನಲ್ಲಿ ಟಿಕೆಟ್ ಅಗ್ಗದ ದಿನ ನೋಡಿ, ರಜೆಯ ಆಚೆ ಈಚೆ ಸೇರಿಸಿ 15 ಶಾಲಾ ದಿನ ತಪ್ಪಿಸಿ ಬೆಂಗಳೂರಿಗೆ ಹೋದರೆ 140ರಲ್ಲಿ 15, ಹೆಚ್ಚುಕಡಿಮೆ 10.7%. 10,000 ಮೂಲದ ಮೇಲೆ 1,070 ಡಾಲರ್ ಆ ಮಗುವಿನ ಲೆಕ್ಕದಲ್ಲಿ ಕಡಿತ. ಅದೇ 15 ದಿನ ಮೇ ತಿಂಗಳಲ್ಲಿ ತಪ್ಪಿಸಿದರೆ ಈ ಎಣಿಕೆಗೆ ತಾಗುವುದೇ ಇಲ್ಲ! ಓದಿಗೆ ತಾಗುವುದು ಬೇರೆ ಮಾತು. ಪ್ರಸಕ್ತ ವರ್ಷ, ಹಿಂದಿನ ವರ್ಷ, ಹಿಂದಿನ ಮೂರು ವರ್ಷದ ಸರಾಸರಿ, ಇವುಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಹಣ ಕೊಡುವುದರಿಂದ ಕಡಿತ ಅದೇ ವರ್ಷ ಕಣ್ಣಿಗೆ ಬೀಳದೆ ಇರಬಹುದು.

ಪರಿಹಾರ ಇದೆ, ಇಂಡಿಪೆಂಡೆಂಟ್ ಸ್ಟಡಿ. 15 ಶಾಲಾ ದಿನದವರೆಗಿನದನ್ನು ಅಲ್ಪಾವಧಿ ಅಂತ ನೋಡುತ್ತಾರೆ. ಶಾಲೆಯ ಜೊತೆ ಲಿಖಿತ ಕರಾರು ಮಾಡಿಕೊಂಡು, ಕೊಟ್ಟ ಪಾಠ ಮುಗಿಸಿ, ಮಾಡಿದ ಕೆಲಸ ತಂದು ಒಪ್ಪಿಸಿದರೆ ಹಾಜರಾತಿ ಸಿಗುತ್ತದೆ. ಕೆಡುವುದು ಎಲ್ಲಿ ಅಂದರೆ, ವಿಮಾನ ಹತ್ತುವ ಹಿಂದಿನ ದಿನ ಮೇಷ್ಟರಿಗೆ ಇಮೇಲ್ ಹಾಕುವುದರಲ್ಲಿ, ಅಥವಾ ಅಜ್ಜಿ ಮನೆಯಲ್ಲಿ ವರ್ಕ್‌ಶೀಟ್ ಬಿಟ್ಟು ಬರುವುದರಲ್ಲಿ. ಕೆಲಸ ಕೈಗೆ ಬಾರದೆ ಹಾಜರಾತಿ ಇಲ್ಲ. ಎರಡು ಮೂರು ವಾರ ಮೊದಲೇ ಆಫೀಸಿನಲ್ಲಿ ಕೇಳಿ. ಬೇಸಿಕ್ ಏಡ್ ಡಿಸ್ಟ್ರಿಕ್ಟಿನಲ್ಲಿ ಇದೇ ಪ್ರವಾಸದಿಂದ ಶಾಲೆಗೆ ಹಣದ ನಷ್ಟವಿಲ್ಲ, ಯಾಕೆಂದರೆ ಅಲ್ಲಿ ಹಣ ಹಾಜರಾತಿಗೆ ಅಂಟಿಕೊಂಡಿಲ್ಲ. ಅನುಕೂಲ ಇದ್ದವರಿಗೆ ಅನುಕೂಲ.

ಬಾಂಡು ಮತ್ತು ಪಾರ್ಸೆಲ್ ಟ್ಯಾಕ್ಸ್ ಬಗ್ಗೆ ಚುಟುಕಾಗಿ. ಪಾರ್ಸೆಲ್ ಟ್ಯಾಕ್ಸಿಗೆ ಮೂರನೇ ಎರಡು ಮತ ಬೇಕು. ಇದು ಮನೆಗೆ ಇಷ್ಟು ಅಂತ, ಬಂಗಲೆಗೂ ಗುಡಿಸಲಿಗೂ ಒಂದೇ. ಫ್ರೀಮಾಂಟ್ ಯೂನಿಯನ್ನಿನದು 98 ಡಾಲರ್. 65 ದಾಟಿದವರಿಗೆ ಎಷ್ಟೋ ಕಡೆ ವಿನಾಯಿತಿ ಉಂಟು, ಅರ್ಜಿ ಹಾಕಬೇಕು ಅಷ್ಟೆ. ಶಾಲಾ ಕಟ್ಟಡದ ಬಾಂಡಿಗೆ 2000ರ ಪ್ರಪೊಸಿಷನ್ 39ರಿಂದ 55% ಮತ ಸಾಕು. ದರದ ಮಿತಿ ಪ್ರತಿ ಲಕ್ಷ ಡಾಲರ್ ಮೌಲ್ಯಕ್ಕೆ ಯುನಿಫೈಡ್ ಡಿಸ್ಟ್ರಿಕ್ಟಿನಲ್ಲಿ 60, ಪ್ರಾಥಮಿಕ ಅಥವಾ ಹೈಸ್ಕೂಲ್ ಮಾತ್ರ ಇರುವಲ್ಲಿ 30. ದರ ಒಂದೇ, ಫಸಲು ಬೇರೆ. ಮಗುವಿಗೆ 40 ಲಕ್ಷ ಡಾಲರ್ ಆಸ್ತಿ ಇರುವ ಕಡೆ 30ರ ದರದಲ್ಲಿ ವರ್ಷಕ್ಕೆ 1,200 ಏಳುತ್ತದೆ, 10 ಲಕ್ಷ ಇರುವ ಕಡೆ 300. ಅದರ ಮೇಲೆ ರಾಜ್ಯದ ಕಟ್ಟಡ ನೆರವು ಕೂಡ ‘ನೀನು ಇಷ್ಟು ಹಾಕು, ನಾನು ಇಷ್ಟು ಹಾಕುತ್ತೇನೆ’ ಎಂಬ ಕರಾರಿನದು. 2024ರ ನವೆಂಬರಿನಲ್ಲಿ ಒಪ್ಪಿತವಾದ 1,000 ಕೋಟಿ ಡಾಲರಿನ ಪ್ರಪೊಸಿಷನ್ 2 ಬಡ ಡಿಸ್ಟ್ರಿಕ್ಟುಗಳಿಗೆ ರಾಜ್ಯದ ಪಾಲನ್ನು ಹೆಚ್ಚಿಸಿತು: ಹೊಸ ಕಟ್ಟಡಕ್ಕೆ 50%ರಿಂದ ಹೆಚ್ಚೆಂದರೆ 55%, ದುರಸ್ತಿಗೆ 60%ರಿಂದ ಹೆಚ್ಚೆಂದರೆ 65%. ಐದು ಶೇಕಡಾ! ಏಳುವವನಿಗೆ ಕೈ ಕೊಟ್ಟ ಹಾಗೆ ಅಲ್ಲ, ಕಿರುಬೆರಳು ಕೊಟ್ಟ ಹಾಗೆ.

ಡಿಸ್ಟ್ರಿಕ್ಟಿನ ಒಳಗೂ ಅಸಮಾನತೆ ಅಡಗಿರುತ್ತದೆ. ಎಲ್‌ಸಿಎಫ್‌ಎಫ್ ಪ್ರಮಾಣ ನೋಡುವುದು ಇಡೀ ಡಿಸ್ಟ್ರಿಕ್ಟಿನದು, ಶಾಲೆಯದ್ದಲ್ಲ. ಸಿರಿವಂತ ಡಿಸ್ಟ್ರಿಕ್ಟಿನ ಒಂದು ಮೂಲೆಯಲ್ಲಿ 60% ಬಡ ಮಕ್ಕಳ ಶಾಲೆ ಇದ್ದರೂ ಸರಾಸರಿ 55% ದಾಟದಿದ್ದರೆ 65%ರ ಹೆಚ್ಚುವರಿ ಇಲ್ಲ. ಅನುಭವಿ ಮೇಷ್ಟರು ಸಲೀಸಾದ ಶಾಲೆಗೆ ವರ್ಗ ಕೇಳುತ್ತಾರೆ, ಅವರ ದೊಡ್ಡ ಸಂಬಳವೂ ಅವರ ಹಿಂದೆ ಹೋಗುತ್ತದೆ. ಶಾಲೆಗೆ ಸಮಾನ ಸಂಖ್ಯೆಯ ಹುದ್ದೆ ಕೊಟ್ಟಿದ್ದೇವೆ ಅನ್ನುವ ಬಜೆಟ್ಟು ಇದನ್ನು ಮುಚ್ಚಿಡುತ್ತದೆ. ಇದನ್ನು ಪತ್ತೆ ಹಚ್ಚಲು ಪ್ರತಿ ಶಾಲೆಯ ವಾರ್ಷಿಕ ವರದಿ ‘ಸಾರ್ಕ್’ ತೆಗೆದು, ಮಗುವಿಗೆ ಖರ್ಚು ಮತ್ತು ಸರಾಸರಿ ಮೇಷ್ಟರ ಸಂಬಳ ಎಂಬ ಎರಡು ಸಾಲು ನೋಡಿ. ಒಂದೇ ಡಿಸ್ಟ್ರಿಕ್ಟಿನ ಎರಡು ಶಾಲೆಯ ಸಾರ್ಕ್ ಅಕ್ಕಪಕ್ಕ ಇಟ್ಟರೆ ಹತ್ತು ನಿಮಿಷದ ಕೆಲಸ. ಹೆಚ್ಚುವರಿ ಹಣ ಎಲ್ಲಿ ಹೋಯಿತು ಎಂಬುದು ‘ಎಲ್‌ಕ್ಯಾಪ್’ ಎಂಬ ಯೋಜನೆಯಲ್ಲಿರುತ್ತದೆ, ಮಂಡಳಿ ಅದನ್ನು ಜುಲೈ 1ರೊಳಗೆ ಒಪ್ಪಬೇಕು. ಅದಕ್ಕೂ ಮೊದಲು ಬೇರೆ ದಿನ ಬಹಿರಂಗ ವಿಚಾರಣೆ ನಡೆಸಲೇಬೇಕು, ಸಾಮಾನ್ಯವಾಗಿ ಜೂನಿನಲ್ಲಿ. ಖಾಲಿ ಕುರ್ಚಿಗಳ ಮುಂದೆ ಕೋಟಿಗಟ್ಟಲೆ ಹಣ ಓದಿ ಮುಗಿಸುವ ಸಭೆ ಅದು.

ಕೌಂಟಿಗೆ ಒಂದೇ ಡಿಸ್ಟ್ರಿಕ್ಟ್ ಇದ್ದರೆ ಇದೆಲ್ಲ ತಪ್ಪುತ್ತದೆಯೇ? ಅರ್ಧ ತಪ್ಪುತ್ತದೆ. ಮೇರಿಲ್ಯಾಂಡ್ ರಾಜ್ಯದಲ್ಲಿ 23 ಕೌಂಟಿ ಮತ್ತು ಬಾಲ್ಟಿಮೋರ್ ನಗರ, ಒಟ್ಟು 24 ಶಾಲಾ ವ್ಯವಸ್ಥೆ, ಅಷ್ಟೆ. ಅಲ್ಲಿನ ಹೋವರ್ಡ್ ಕೌಂಟಿಯಲ್ಲಿ ಗೆರೆ ಎಲ್ಲಿ ಎಳೆದರೂ ಹಣದ ಹಂಡೆ ಒಂದೇ. ಅದಕ್ಕೇ 2019ರ ಆಗಸ್ಟಿನಲ್ಲಿ ಸೂಪರಿಂಟೆಂಡೆಂಟ್ ಮೈಕೆಲ್ ಮಾರ್ಟಿರಾನೋ ಸುಮಾರು 7,400 ಮಕ್ಕಳನ್ನು ಬೇರೆ ಶಾಲೆಗಳಿಗೆ ಸರಿಸುವ ಯೋಜನೆ ಮುಂದಿಡಲು ಸಾಧ್ಯವಾಯಿತು. ತುಂಬಿ ತುಳುಕುವ ಶಾಲೆಗಳ ಒತ್ತಡ ಇಳಿಸುವುದು, ಬಡ ಮಕ್ಕಳು ಕೆಲವೇ ಶಾಲೆಯಲ್ಲಿ ಗುಂಪಾಗುವುದನ್ನು ತಡೆಯುವುದು ಉದ್ದೇಶ. ನವೆಂಬರಿನಲ್ಲಿ ಮಂಡಳಿ ಸುಮಾರು 5,400 ಮಕ್ಕಳಿಗೆ ಇಳಿಸಿ ಒಪ್ಪಿತು. ನಡುವಿನ ಮೂರು ತಿಂಗಳು ಬೀದಿ ಮೆರವಣಿಗೆ, ನೂರಾರು ಜನ ಮಾತಾಡಲು ಸರದಿ ಹಿಡಿದ ವಿಚಾರಣೆಗಳು. ಎಲ್ಲ ವರ್ಗದವರೂ ಒಟ್ಟಿಗೆ ಬದುಕಲಿ ಅಂತ ಜೇಮ್ಸ್ ರೌಸ್ 1967ರಲ್ಲಿ ಕೊಲಂಬಿಯಾ ಎಂಬ ಊರು ಕಟ್ಟಿದ ಕೌಂಟಿಯಿದು.

ಆ ಕೆಲಸದ ಒಳಗನ್ನು ನೋಡಿದರೆ ಜಗಳ ಏಕೆ ತಪ್ಪದು ಎಂದು ತಿಳಿಯುತ್ತದೆ. ಯೋಜನಾ ಕಚೇರಿಯವರು ಕೌಂಟಿಯನ್ನು ನೂರಾರು ಸಣ್ಣ ತುಂಡುಗಳಾಗಿ ಕತ್ತರಿಸಿರುತ್ತಾರೆ, ಪಾಲಿಗನ್ ಅಂತಾರೆ. ಪ್ರತಿ ತುಂಡಿನಲ್ಲಿ ಎಷ್ಟು ಮಕ್ಕಳು, ಎಷ್ಟು ಹೊಸ ಮನೆ ಏಳಲಿದೆ ಎಂಬ ಲೆಕ್ಕ ಇರುತ್ತದೆ. ಶಾಲೆಯ ಸಾಮರ್ಥ್ಯದ 90ರಿಂದ 110% ತುಂಬಿರಬೇಕು. ಮೇಲಿನ ಶಾಲೆಗೆ ಹೋಗುವಾಗ ನಾಲ್ಕೇ ಮಕ್ಕಳ ಗುಂಪು ಬೇರೆಯಾಗಬಾರದು, ಒಂದು ಕಡೆಯಿಂದ ಹೋಗುವವರು ಆ ಶಾಲೆಯ 15%ಗಿಂತ ಕಡಿಮೆಯಾದರೆ ತಪ್ಪಿಸಲು ನೋಡುತ್ತಾರೆ. ನಡೆದು ಹೋಗುವ ಮಕ್ಕಳನ್ನು ಬಸ್ಸಿಗೆ ಹತ್ತಿಸಬಾರದು. ಒಂದೇ ತುಂಡನ್ನು ಮತ್ತೆ ಮತ್ತೆ ಸರಿಸಬಾರದು. ಒಂದನ್ನು ಎಳೆದರೆ ಇನ್ನೊಂದು ಹರಿಯುತ್ತದೆ, ಮಕ್ಕಳಾಟದ ಚೌಕದ ಬಿಲ್ಲೆ ಸರಿಸಿದಂತೆ ಒಂದು ಪಾಲಿಗನ್ ಸರಿಸಲು ಮೂರು ಶಾಲೆ ಅಲುಗಾಡಬೇಕು. ಕೊನೆಗೆ ಸಭೆಯ ರಾತ್ರಿ ಗದ್ದಲಕ್ಕೆ ಮಣಿದು ಎರಡು ಪಾಲಿಗನ್ ವಾಪಸ್ ಬಿಟ್ಟರೆ, ಗದ್ದಲ ಮಾಡಲು ಬಿಡುವಿಲ್ಲದವರ ಓಣಿ ಬಸ್ಸು ಹತ್ತುತ್ತದೆ. ಗೆರೆ ಎಳೆಯುವವರಿಗೆ ನಾನು ಕೊಡುವ ಸಲಹೆ ಒಂದೇ: ಕೊನೆಯ ವಾರದ ತಿದ್ದುಪಡಿಗಳಿಗೂ ಮೊದಲಿನ ಅದೇ ಕೋಷ್ಟಕ ಹಾಕಿ, ಬಡ ಮಕ್ಕಳ ಪ್ರಮಾಣ ಮತ್ತು ಬಸ್ಸಿನ ನಿಮಿಷ ಎರಡನ್ನೂ ಅಚ್ಚುಮಾಡಿ, ಆಮೇಲೆ ಮತ ಹಾಕಿ.

ಹೋವರ್ಡಿನಲ್ಲಿ ಅಷ್ಟಾದರೂ ಆಯಿತು. ಸ್ಯಾಂಟಾ ಕ್ಲಾರಾದಲ್ಲಿ ಯಾವ ಶಾಲಾ ಮಂಡಳಿಯೂ ತನ್ನ ಬೇಲಿಯಾಚೆ ಕೈ ಚಾಚುವಂತಿಲ್ಲ. ಡಿಸ್ಟ್ರಿಕ್ಟಿನ ಗೆರೆಯನ್ನೇ ಸರಿಸಬೇಕಾದರೆ ಜನವಸತಿ ಇರುವ ಜಾಗದ ನೋಂದಾಯಿತ ಮತದಾರರಲ್ಲಿ 25% ಸಹಿ ಹಾಕಿ ಅರ್ಜಿ ಕೊಡಬಹುದು. ಅದು ಕೌಂಟಿಯ ಶಾಲಾ ಡಿಸ್ಟ್ರಿಕ್ಟ್ ಪುನಾರಚನಾ ಸಮಿತಿಯ ಮುಂದೆ ಹೋಗುತ್ತದೆ, ಸಮಿತಿ ಒಂಬತ್ತು ಒರೆಗಲ್ಲಿಗೆ ಉಜ್ಜಿ ನೋಡುತ್ತದೆ. ಮಕ್ಕಳ ಸಂಖ್ಯೆ ಸಾಕಷ್ಟಿದೆಯೇ, ಆಸ್ತಿ ಹಂಚಿಕೆ ಸರಿಯಿದೆಯೇ, ಜನಾಂಗದ ಪ್ರತ್ಯೇಕತೆ ಹೆಚ್ಚುತ್ತದೆಯೇ, ರಾಜ್ಯಕ್ಕೆ ಖರ್ಚು ಬೀಳುತ್ತದೆಯೇ, ಹೀಗೆ. ಅರ್ಜಿ ಹಾಕುವವರು ಬಹುಪಾಲು ಬಡ ಡಿಸ್ಟ್ರಿಕ್ಟಿನ ಅಂಚಿನಲ್ಲಿದ್ದು ಸಿರಿವಂತ ಡಿಸ್ಟ್ರಿಕ್ಟಿಗೆ ಸೇರಬಯಸುವ ಓಣಿಗಳವರು. ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. ಒಂಬತ್ತರಲ್ಲಿ ಒಂದು ಒರೆಗಲ್ಲು ಇಷ್ಟೇ ಕೇಳುತ್ತದೆ: ಗೆರೆ ಸರಿಸುವ ಮುಖ್ಯ ಉದ್ದೇಶ ಮನೆಗಳ ಬೆಲೆ ಏರಿಸುವುದೇ?